ಹಳೆಯ ಮೋಟಾರು ಕಾರುಗಳಲ್ಲಿ ವಿಭವನಷ್ಟ ಮತ್ತು ರಿಲೇ

ಹಳೆಯ ಅಂಬಾಸಿಡರ್ ಕಾರುಗಳನ್ನು ಇಂದಿಗೂ ಓಡಿಸುತ್ತಿರುವವರಿಂದ ನಾವು ಮತ್ತೆ ಮತ್ತೆ ಕೇಳುವ ದೂರೊಂದುಂಟು: ರಾತ್ರಿಯಲ್ಲಿ ಹೆಡ್‌ಲೈಟುಗಳು ಹಳದಿಗಟ್ಟಿ ಮಂಕಾಗಿ ಉರಿಯುತ್ತವೆ. ಬ್ಯಾಟರಿಯನ್ನು ಬದಲಾಯಿಸಿದ್ದಾಯಿತು, ಬಲ್ಬುಗಳನ್ನು ಬದಲಾಯಿಸಿದ್ದಾಯಿತು. ಮಂಕು ಮಾತ್ರ ಹೋಗಲಿಲ್ಲ. ಹಣವೂ ವ್ಯಯವಾಯಿತು, ಕತ್ತಲ ರಸ್ತೆಯ ಅಪಾಯವೂ ಉಳಿಯಿತು. ಇದರ ಕಾರಣವನ್ನು ವಿಚಾರಿಸೋಣ.

1950ರ ದಶಕದ ಕೊನೆಯಲ್ಲಿ ತಯಾರಾಗತೊಡಗಿ 2014ರಲ್ಲಿ ನಿಂತುಹೋದ ಈ ಕಾರಿಗೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾತೃಕೆ. ಇದರ ಹಳೆಯ ಮಾದರಿಗಳಲ್ಲಿ ದೀಪಗಳಿಗೆ ಬೇಕಾದ ಪ್ರವಾಹವೆಲ್ಲವೂ ಬ್ಯಾಟರಿಯಿಂದ ಹೊರಟು, ಚಾಲಕನ ಮುಂದಿನ ಸ್ವಿಚ್ಚನ್ನೂ ಡಿಪ್ಪರ್ ಸ್ವಿಚ್ಚನ್ನೂ ಹಾದು, ಹಲವು ತಂತಿಗಂಟುಗಳನ್ನು ದಾಟಿ ದೀಪವನ್ನು ಸೇರುತ್ತದೆ. ಹಿಂದಿರುಗುವಾಗ ಕಾರಿನ ಲೋಹದ ಮೈಯೇ ವಾಹಕ. ದಶಕಗಳ ಧೂಳು ತೇವಗಳಿಂದ ತಾಮ್ರ ಹಿತ್ತಾಳೆಗಳಿಗೆ ಕಿಲುಬು, ಉಕ್ಕಿಗೆ ತುಕ್ಕು ಹಿಡಿಯುತ್ತವೆ. ಹೀಗೆ ಪ್ರತಿಯೊಂದು ಜೋಡಣೆಯೂ ಒಂದು ಚಿಕ್ಕ ರೋಧವಾಗುತ್ತದೆ.

ಚಿಕ್ಕದೆಂದು ಇದನ್ನು ಅಲಕ್ಷಿಸುವಂತಿಲ್ಲ. ತಲಾ 60 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪೇರ್ ಪ್ರವಾಹವನ್ನು ಎಳೆಯುತ್ತವೆ. ಹಾದಿಯ ಒಟ್ಟು ರೋಧ 0.2 ಓಮ್ ಆಗಿದ್ದರೆ, ಓಮನ ನಿಯಮದಂತೆ ಸುಮಾರು 2 ವೋಲ್ಟು ಹಾದಿಯಲ್ಲಿಯೇ ನಷ್ಟವಾಗುತ್ತದೆ. ತಂತುದೀಪದ ಬೆಳಕು ವಿಭವಕ್ಕಿಂತ ಬಹು ವೇಗವಾಗಿ ಕುಗ್ಗುವುದರಿಂದ, 10 ವೋಲ್ಟಿನಲ್ಲಿ ಅದು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಕಳೆದುಹೋದ ಸುಮಾರು 20 ವಾಟು ಶಾಖವಾಗಿ ಸ್ವಿಚ್ಚು, ಗಂಟುಗಳನ್ನು ಕಾಯಿಸುತ್ತದೆ. ತಂತಿಯ ಹೊದಿಕೆ ಕರಗಿ ಬೆಂಕಿ ಹೊತ್ತುವ ಸಂಭವವೂ ಉಂಟು.

ಈ ದೋಷ ಸುಲಭವಾಗಿ ಸಿಕ್ಕದಿರುವುದಕ್ಕೆ ಕಾರಣವಿದೆ. ಬಲ್ಬನ್ನು ಕಳಚಿ ತಂತಿಯ ತುದಿಯನ್ನು ವೋಲ್ಟ್‌ಮೀಟರಿನಿಂದ ಅಳೆದರೆ ಬ್ಯಾಟರಿಯ ಪೂರ್ಣ ವಿಭವವೇ ಕಾಣುತ್ತದೆ. ಮೀಟರು ಎಳೆಯುವ ಪ್ರವಾಹ ಅತ್ಯಲ್ಪ. ಪ್ರವಾಹವಿಲ್ಲದ ಕಡೆ ವಿಭವನಷ್ಟವೂ ಇಲ್ಲ. ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಎಂಜಿನ್ ನಿಲ್ಲಿಸಿ, ದೀಪ ಹಚ್ಚಿ, ಬ್ಯಾಟರಿಯಲ್ಲಿ ಮೈಗೆ ಕೂಡಿಸದ ಧ್ರುವಕ್ಕೂ ಬಲ್ಬಿಗೆ ಪ್ರವಾಹ ಬರುವ ತುದಿಗೂ ಮೀಟರನ್ನು ತಾಗಿಸಿದರೆ ಬರುವ ಹಾದಿಯ ನಷ್ಟ ತಿಳಿಯುತ್ತದೆ. ಬಲ್ಬಿನ ಅರ್ಥ್ ತುದಿಗೂ ಬ್ಯಾಟರಿಯ ಇನ್ನೊಂದು ಧ್ರುವಕ್ಕೂ ತಾಗಿಸಿದರೆ ಹಿಂದಿರುಗುವ ಹಾದಿಯ ನಷ್ಟ ತಿಳಿಯುತ್ತದೆ. ಮೊದಲನೆಯದು 1.4, ಎರಡನೆಯದು 0.6 ವೋಲ್ಟು ಎಂದುಕೊಳ್ಳೋಣ. ಎರಡನೆಯದಕ್ಕೆ ಅರ್ಥ್ ಬೋಲ್ಟನ್ನು ಬಿಚ್ಚಿ, ಬಣ್ಣ ತುಕ್ಕುಗಳನ್ನು ಉಜ್ಜಿ ತೆಗೆದು ಬಿಗಿಮಾಡುವುದೇ ಪರಿಹಾರ. ಮೊದಲನೆಯದರಲ್ಲಿ ಸ್ವಿಚ್ಚು, ಗಂಟುಗಳನ್ನು ಒಂದೊಂದಾಗಿ ಅಳೆದು, ನಷ್ಟ ಹೆಚ್ಚಿರುವ ಕಡೆಯನ್ನು ಗುರುತಿಸಬೇಕು.

ಉದ್ದವಾದ ಈ ಹಾದಿಯ ಹೊರೆಯನ್ನು ಇಳಿಸುವ ಉಪಾಯವೇ ರಿಲೇ. ಕೆರೆಯ ತೂಬನ್ನೆತ್ತುವ ನೀರಗಂಟಿ ನೀರನ್ನು ಹೊರುವುದಿಲ್ಲ. ಅಂತೆಯೇ ಇಲ್ಲಿ ಸ್ವಿಚ್ಚು ದೀಪದ ಪ್ರವಾಹವನ್ನು ಹೊರುವುದಿಲ್ಲ. ರಿಲೇಯ 85, 86 ಎಂಬ ತುದಿಗಳ ನಡುವೆ ಒಂದು ಸುರುಳಿಯಿದೆ. ಸ್ವಿಚ್ಚಿನಿಂದ ಬಂದ ಅಲ್ಪ ಪ್ರವಾಹವು ಅದನ್ನು ವಿದ್ಯುತ್ಕಾಂತವಾಗಿಸಿ, 30, 87 ಎಂಬ ತುದಿಗಳನ್ನು ಒಂದುಗೂಡಿಸುತ್ತದೆ. ಆಗ ಬ್ಯಾಟರಿಯಿಂದ ದಪ್ಪ ತಂತಿಯ ಮೂಲಕ ಪ್ರವಾಹ ನೇರವಾಗಿ ದೀಪಕ್ಕೆ ಹರಿಯುತ್ತದೆ. ಸುರುಳಿಗೆ ಬೇಕಾದುದು ಸುಮಾರು 0.15 ಆಂಪೇರ್ ಮಾತ್ರ, ಹಿಂದೆ 1.4 ವೋಲ್ಟು ನುಂಗುತ್ತಿದ್ದ ಹಾದಿಯೇ ಈಗ ಸುಮಾರು 0.02 ವೋಲ್ಟು ನುಂಗುತ್ತದೆ. ಹೆಚ್ಚು ಬೆಳಕಿಗೊಂದು, ತಗ್ಗಿದ ಬೆಳಕಿಗೊಂದು ರಿಲೇ ಬೇಕು.

ಎರಡು ಎಚ್ಚರಿಕೆಗಳು ಅವಶ್ಯ. ಹೊಸ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಬೇಕು. ದೂರವಿದ್ದರೆ ನಡುವಣ ತಂತಿಗೆ ರಕ್ಷಣೆಯಿಲ್ಲ. ಕೆಟ್ಟ ಅರ್ಥನ್ನು ರಿಲೇ ಸರಿಪಡಿಸಲಾರದು. ಆದಕಾರಣ ಮೊದಲು ಅಳತೆ, ಬಳಿಕ ಶುದ್ಧಿ, ಕೊನೆಗೆ ಖರೀದಿ ಎಂಬುದೇ ಸರಿಯಾದ ಕ್ರಮ.

ತರಗತಿಯಲ್ಲಿ ಓಮನ ನಿಯಮವನ್ನು ಕಲಿತ ವಿದ್ಯಾರ್ಥಿಗೆ ಹಳೆಯ ಕಾರೊಂದು ಒಳ್ಳೆಯ ಪ್ರಯೋಗಶಾಲೆ. ಮೀಟರೊಂದನ್ನು ಕೈಗಿತ್ತು ಈ ನಷ್ಟಗಳನ್ನು ಅವನಿಂದಲೇ ಅಳೆಯಿಸಬೇಕೆಂದು ಅಧ್ಯಾಪಕರಲ್ಲಿ ನಮ್ಮ ಸೂಚನೆ.