ನೀರು ಕೇಳದ ಬಂದರೆ ಗಿಡ



ಬಂದರೆ ಗಿಡ ನಿಮಗೆಲ್ಲ ಗೊತ್ತು. ನಮ್ಮ ಗುಡ್ಡದ ತುಂಬಾ ಇದೆ. ಸೌದೆಗೆ ಅಂತ ಕಡಿದು ತರುತ್ತೇವೆ. ಆದರೆ ಯಾರೂ ಮನೆ ಮುಂದೆ ಬೆಳೆಸುವುದಿಲ್ಲ. ನಾನು ಬೆಳೆಸಿದ್ದೇನೆ. ಹೇಗೆ ಎಂದು ತಿಳಿಸುತ್ತೇನೆ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಾನು ಗುಲಾಬಿ ಗಿಡಕ್ಕೆ ದಿನಾ ಒಂದು ಕೊಡ ನೀರು ಹಾಕುತ್ತಿದ್ದೆ. ಒಂದು ದಿನ ಅವ್ವ ನೋಡಿದಳು. ಬೈಯಲಿಲ್ಲ. ಸಿಂಬೆ ತಗೊಂಡು ಮತ್ತೆ ನೀರಿಗೆ ಹೋದಳು. ನನಗೆ ಅಳು ಬಂತು. ನೀರು ಹಾಕೋದು ಬಿಟ್ಟೆ, ಗುಲಾಬಿ ಒಣಗಿತು. ಆಗ ಗುಡ್ಡ ನೋಡಿದರೆ ಬಂದರೆ ಮಾತ್ರ ಹಸಿರಾಗಿತ್ತು!

ಬಂದರೆ ಎಲೆ ಮುಟ್ಟಿದರೆ ಅಂಟುತ್ತದೆ, ಹೊಳೆಯುತ್ತದೆ. ಈ ಅಂಟಿನಿಂದ ಎಲೆಯ ನೀರು ಬೇಗ ಆರುವುದಿಲ್ಲ. ಇದು ಅಂಟುವಾಳದ ಕುಟುಂಬಕ್ಕೆ ಸೇರಿದ ಸಸ್ಯ. ವಿಜ್ಞಾನದಲ್ಲಿ ಇದರ ಹೆಸರು ಡೊಡೋನಿಯಾ ವಿಸ್ಕೋಸಾ. ವಿಸ್ಕೋಸಾ ಎಂದರೆ ಅಂಟಾದದ್ದು.

ಮೊದಲು ಗುಡ್ಡದಿಂದ ಸಸಿ ಕಿತ್ತು ತಂದು ನೆಟ್ಟೆ. ಎಲ್ಲಾ ಸತ್ತವು. "ಬೇರು ಕಲ್ಲಿನ ಸಂದಿಯಾಗೆ ಆಳಕ್ಕೆ ಹೋಗಿರ್ತದೆ, ಕಿತ್ತರೆ ಬದುಕಲ್ಲ. ಬೀಜ ಹಾಕು" ಎಂದರು ಅಜ್ಜ. ಬೀಜ ಹಾಕಿದೆ, ಮೊಳೆಯಲೇ ಇಲ್ಲ. ಬೀಜದ ಸಿಪ್ಪೆ ಗಟ್ಟಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಆಮೇಲೆ ಹೀಗೆ ಮಾಡಿದೆ:

1. ರೆಕ್ಕೆ ಇರುವ ಕಾಯಿ ಒಣಗಿ ಕಂದುಬಣ್ಣ ಆದಾಗ ತಂದು, ಉಜ್ಜಿ, ಕಪ್ಪು ಬೀಜ ತೆಗೆಯಬೇಕು.
2. ಕುದ್ದ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು, ರಾತ್ರಿಯೆಲ್ಲಾ ಬಿಡಬೇಕು.
3. ಹಾಲಿನ ಖಾಲಿ ಕವರಿಗೆ ತೂತು ಮಾಡಿ, ಮಣ್ಣು ಮರಳು ತುಂಬಿ, ತೆಳ್ಳಗೆ ಬಿತ್ತಬೇಕು. ನನಗೆ ಮೂರನೇ ವಾರ ಮೊಳಕೆ ಬಂತು.
4. ಮಳೆಗಾಲದಲ್ಲಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಬೇಕು.
5. ಮೊದಲನೇ ಬೇಸಿಗೆ ಮಾತ್ರ ಕೈಕಾಲು ತೊಳೆದ ನೀರು ಸ್ವಲ್ಪ ಹಾಕಬೇಕು.

ಈಗ ಏಳು ಗಿಡ ನನ್ನ ಸೊಂಟದವರೆಗೆ ಬಂದಿವೆ. ಕುಡಿಯುವ ನೀರು ಒಂದು ಚೊಂಬೂ ಹಾಕಿಲ್ಲ. ಪಕ್ಕದ ಮನೆ ಮೇಕೆ ದಿನಾ ಬಂದು ಮೂಸಿ ಹೋಗುತ್ತೆ, ತಿನ್ನಲ್ಲ!

ನಮ್ಮ ಶಾಲೆಯ ಬೇವಿನ ಸಸಿಗಳನ್ನು ಪ್ರತಿ ವರ್ಷ ಮೇಕೆ ತಿನ್ನುತ್ತವೆ. ಸುತ್ತ ಬಂದರೆ ಬೇಲಿ ಹಾಕಿದರೆ ಹೇಗೆ? ಗುರುಗಳು ಒಪ್ಪಿದರೆ ಬೀಜ ನಾನು ತರುತ್ತೇನೆ. ನೀವು ಒಬ್ಬೊಬ್ಬರು ಒಂದೊಂದು ಹಾಲಿನ ಕವರು ತನ್ನಿ ಎಂದು ಕೇಳುತ್ತಾ ನನ್ನ ಲೇಖನ ಮುಗಿಸುತ್ತೇನೆ.

— 7ನೇ ತರಗತಿ