ಹಂಪಿ ವಿಶ್ವ ಪರಂಪರೆಯ ತಾಣದ ನಿರ್ವಹಣೆಯಲ್ಲಿ ಸಾರ್ವಜನಿಕ ಸಮಾಲೋಚನೆ

ಸಂರಕ್ಷಿತ ಐತಿಹಾಸಿಕ ನಗರವೊಂದರಲ್ಲಿ ಏನನ್ನು ಉಳಿಸಬೇಕು, ಏನನ್ನು ಕಟ್ಟಬಹುದು, ಯಾರು ಎಲ್ಲಿ ವಾಸಿಸಬಹುದು ಎಂಬುದನ್ನು ನಿರ್ಧರಿಸುವ ಮುನ್ನ ಅಲ್ಲಿನ ನಿವಾಸಿಗಳ ಮತ್ತು ಇತರ ಸಂಬಂಧಪಟ್ಟವರ ಅಭಿಪ್ರಾಯವನ್ನು ಪಡೆಯುವ ಕ್ರಮವೇ ಸಾರ್ವಜನಿಕ ಸಮಾಲೋಚನೆ. ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಹಂಪಿಯಲ್ಲಿ ಈ ಪ್ರಶ್ನೆ ಹಲವು ಬಾರಿ ತೀವ್ರ ವಿವಾದಕ್ಕೆ ಕಾರಣವಾಗಿದೆ.

ಹಿನ್ನೆಲೆ

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದನ್ನು ಕೇವಲ ‘ಹಾಳು ಹಂಪಿ’ ಎಂದು ಕಾಣುವುದು ವಾಸ್ತವಕ್ಕೆ ದೂರವಾದದ್ದು. ವಿರೂಪಾಕ್ಷ ದೇವಾಲಯದಲ್ಲಿ ನಿತ್ಯಪೂಜೆ, ರಥೋತ್ಸವಗಳು ನಡೆಯುತ್ತವೆ. ವಿಜಯನಗರ ಕಾಲದ ಕಾಲುವೆಗಳ ನೀರಿನಿಂದಲೇ ಇಂದಿಗೂ ಬಾಳೆ, ಭತ್ತ ಬೆಳೆಯುತ್ತವೆ. ಅಂದರೆ ಸ್ಮಾರಕಗಳ ನಡುವೆ ಊರುಗಳಿವೆ, ಊರುಗಳ ನಡುವೆ ಸ್ಮಾರಕಗಳಿವೆ. ನಿರ್ವಹಣೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಸೇತುವೆಗಳ ವಿವಾದ

ತುಂಗಭದ್ರೆಯ ದಕ್ಷಿಣ ದಡದ ಹಂಪಿಗೂ ಉತ್ತರ ದಡದ ಆನೆಗುಂದಿಗೂ ನಡುವೆ ಜನರು ಹರಿಗೋಲಿನಲ್ಲಿ ದಾಟುತ್ತಿದ್ದರು. ಹೊಳೆ ತುಂಬಿದಾಗ ಬಹುದೂರ ಸುತ್ತಬೇಕಾಗುತ್ತಿತ್ತು. ಆದ್ದರಿಂದ ಸೇತುವೆಯ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ಆನೆಗುಂದಿಯ ಬಳಿ ವಾಹನ ಸೇತುವೆಯನ್ನೂ ವಿರೂಪಾಪುರ ಗಡ್ಡೆಗೆ ಕಾಲುಸೇತುವೆಯನ್ನೂ ತಾಣದ ಹೃದಯಭಾಗದಲ್ಲಿಯೇ ಕಟ್ಟಲು ತೊಡಗಿದ್ದರಿಂದ, 1999ರಲ್ಲಿ ಯುನೆಸ್ಕೋ ಹಂಪಿಯನ್ನು ‘ಅಪಾಯದಲ್ಲಿರುವ ವಿಶ್ವ ಪರಂಪರೆ’ಯ ಪಟ್ಟಿಗೆ ಸೇರಿಸಿತು. ಇಂತಹ ದೊಡ್ಡ ನಿರ್ಮಾಣಗಳ ವಿಷಯವನ್ನು, ಮರಳಿ ಸರಿಪಡಿಸಲಾಗದ ನಿರ್ಧಾರ ಕೈಗೊಳ್ಳುವ ಮೊದಲೇ ತಿಳಿಸಬೇಕೆಂದು ವಿಶ್ವ ಪರಂಪರೆ ಒಪ್ಪಂದದ ಕಾರ್ಯಸೂಚಿ ಕೇಳುತ್ತದೆ.

2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಆದರೆ 2009ರ ಜನವರಿಯಲ್ಲಿ ನಿರ್ಮಾಣದ ಹಂತದಲ್ಲಿದ್ದ ಆನೆಗುಂದಿ ಸೇತುವೆ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು. ಮುಂದೆ ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ ಬೇರೊಂದು ಸೇತುವೆ ನಿರ್ಮಾಣವಾಯಿತು. ಸ್ಥಳದ ಆಯ್ಕೆಯ ಚರ್ಚೆ ಆರಂಭದಲ್ಲಿಯೇ ನಡೆದಿದ್ದರೆ ಗ್ರಾಮಸ್ಥರು ಇಷ್ಟು ವರ್ಷ ಕಾಯಬೇಕಾಗುತ್ತಿರಲಿಲ್ಲವೆಂಬುದು ಸಹಜವಾದ ಊಹೆ.

ಪ್ರಾಧಿಕಾರ ಮತ್ತು ಯೋಜನೆಗಳು

ತಾಣವು ಎರಡು ಜಿಲ್ಲೆಗಳಲ್ಲಿ ಹರಡಿದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಗ್ರಾಮ ಪಂಚಾಯಿತಿಗಳು ಎಲ್ಲಕ್ಕೂ ಇಲ್ಲಿ ಅಧಿಕಾರವಿದೆ. ಇವುಗಳನ್ನು ಸಮನ್ವಯಗೊಳಿಸಲು 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚಿತವಾಯಿತು. ಇದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರು, 29 ಗ್ರಾಮಗಳು. ವಾಸ್ತುತಜ್ಞೆ ನಳಿನಿ ಠಾಕೂರ್ ಅವರ ನೇತೃತ್ವದಲ್ಲಿ ಸಿದ್ಧವಾದ ಸಮಗ್ರ ನಿರ್ವಹಣಾ ಯೋಜನೆ ಬಿಡಿ ಸ್ಮಾರಕಗಳನ್ನಲ್ಲದೆ ಬೆಟ್ಟ, ಹೊಳೆ, ಹೊಲ, ಜನಜೀವನಗಳನ್ನೂ ಪರಂಪರೆಯೆಂದು ಗಣಿಸಿತು.

ಭೂಬಳಕೆಯನ್ನು ನಿಯಂತ್ರಿಸುವ ಮಹಾಯೋಜನೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ ಪ್ರಕಾರ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕರೆಯಬೇಕು. ಇದು ಕಾನೂನಿನ ಕನಿಷ್ಠ ಅಗತ್ಯ ಮಾತ್ರ. ನಕಾಶೆ, ವಲಯಗಳ ಭಾಷೆಯಲ್ಲಿರುವ ಕರಡನ್ನು ತನ್ನ ಹೊಲಕ್ಕೆ ಏನಾಗುತ್ತದೆಂದು ತಿಳಿಯುವಷ್ಟು ಓದಿಕೊಳ್ಳುವುದು ರೈತನಿಗೆ ಸುಲಭವಲ್ಲ. ಗ್ರಾಮಸಭೆಯಲ್ಲಿ ಬಿಡಿಸಿ ಹೇಳದ ಕರಡು ಪ್ರಕಟವಾದರೂ ಪ್ರಕಟವಾಗದಂತೆಯೇ ಸರಿ.

ಹಂಪಿ ಬಜಾರ್ ತೆರವು

2011ರ ಜುಲೈನಲ್ಲಿ, ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ, ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಪುನರ್ವಸತಿಗೆ ಕಡ್ಡಿರಾಂಪುರದಲ್ಲಿ ಜಾಗ ಗುರುತಿಸಲಾಯಿತು. ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಕಟ್ಟಿ ವ್ಯಾಪಾರ ನಡೆಸಿದ್ದರಿಂದ ಸ್ಮಾರಕಗಳಿಗೆ ಹಾನಿಯಾಗಿತ್ತೆಂಬುದು ತೆರವಿನ ಪರವಾದ ವಾದ. ಬಜಾರೆಂದರೆ ಜನರಿರುವ ಬೀದಿಯೇ, ಯಾತ್ರಿಕರಿಗೆ ಅನ್ನ, ಆಸರೆ ನೀಡುವ ಕಸುಬೂ ಆ ಪರಂಪರೆಯ ಭಾಗವೇ ಎಂಬುದು ನಿವಾಸಿಗಳ ಹಾಗೂ ಕೆಲವು ವಿದ್ವಾಂಸರ ಪ್ರತಿವಾದ. ಎರಡರಲ್ಲೂ ಸತ್ಯಾಂಶವಿದೆ, ಆದರೆ ಅವು ಮುಖಾಮುಖಿಯಾಗಬೇಕಾದದ್ದು ಯಂತ್ರಗಳು ಬೀದಿಗೆ ಬರುವ ಮುನ್ನ. ಇದಕ್ಕೆ ನಾಲ್ಕು ವರ್ಷಗಳ ಹಿಂದೆ, 2007ರಲ್ಲಿ ವಿಶ್ವ ಪರಂಪರೆ ಸಮಿತಿಯು ‘ಸಮುದಾಯ’ವನ್ನು ತನ್ನ ಐದನೆಯ ಕಾರ್ಯತಂತ್ರದ ಗುರಿಯಾಗಿ ಸೇರಿಸಿಕೊಂಡಿತ್ತೆಂಬುದು ಗಮನಾರ್ಹ.

ವಿರೂಪಾಪುರ ಗಡ್ಡೆಯ ಪ್ರಕರಣ ಸ್ವಲ್ಪ ಬೇರೆ. ಅಲ್ಲಿನ ರೆಸಾರ್ಟುಗಳು ಅನಧಿಕೃತವೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು; ಮರು ತಿಂಗಳೇ ಅವುಗಳನ್ನು ಕೆಡವಲಾಯಿತು.