ಬೇಕಾದ್ದು ಒಂದೇ ಗೋಟಿ

ಗಾಳಿಯಿಂದಲೋ ಬ್ಯಾಟರಿಯಿಂದಲೋ ನಡೆಯುವ ಇಂಪ್ಯಾಕ್ಟ್ ಗನ್ನಿನ ಮೂತಿಗೆ ಸಿಕ್ಕಿಸಿ ನಟ್ಟು ಬಿಚ್ಚಲು, ಬಿಗಿಯಲು ಬಳಸುವ ದಪ್ಪ ಗೋಡೆಯ ಕಪ್ಪು ಸಾಕೆಟ್ಟಿಗೆ ಗ್ಯಾರೇಜುಗಳಲ್ಲಿ ಗೋಟಿ ಎಂದೇ ಹೆಸರು. ಬಾಗಲಕೋಟೆ ಸೀಮೆಯಲ್ಲಿ ಇದಕ್ಕೆ ಕೆಲಸ ಬಹಳ. ಇಳಕಲ್ ಸುತ್ತ ಕೆಂಪು ಗ್ರಾನೈಟಿನ ಕ್ವಾರಿಗಳಿವೆ. ಕಲಾದಗಿಯ ಹೆಸರನ್ನೇ ಭೂವಿಜ್ಞಾನಿಗಳು ಇಟ್ಟಿರುವ ಶಿಲಾಸಮೂಹದ ಸುಣ್ಣಕಲ್ಲನ್ನು ನಂಬಿ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಿವೆ. ಮುಧೋಳ, ಜಮಖಂಡಿ ಕಡೆ ಕಬ್ಬು ಹೊರುವ ಲಾರಿ, ಟ್ರ್ಯಾಕ್ಟರುಗಳು. ಹುನಗುಂದ, ಇಳಕಲ್ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಪಂಚರ್ ಅಂಗಡಿಗಳಲ್ಲಿ ಗನ್ನಿನ ಗರಗರ ಸದ್ದು ಹಗಲಿರುಳೂ ಕೇಳುವಂಥದ್ದು.

ಇಂಪ್ಯಾಕ್ಟ್ ಗನ್ನು ನಟ್ಟನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಒಳಗಿನ ಸುತ್ತಿಗೆ ನಿಮಿಷಕ್ಕೆ ನೂರಾರು, ಸಾವಿರಾರು ಸಲ ಹೊಡೆಯುತ್ತದೆ, ಆ ಪೆಟ್ಟೆಲ್ಲ ಗೋಟಿಯ ಮೂಲಕವೇ ನಟ್ಟಿಗೆ ತಲುಪಬೇಕು. ಆದ್ದರಿಂದ ಇದನ್ನು ಸಾಮಾನ್ಯವಾಗಿ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನಲ್ಲಿ ಮಾಡಿ, ಕಪ್ಪು ಲೇಪ ಕೊಡುತ್ತಾರೆ. ಅತಿಯಾದ ಪೆಟ್ಟಿಗೆ ಅದು ಸಿಡಿಯುವ ಮೊದಲು ಹಿಗ್ಗುತ್ತದೆ. ಕೈಪಾನಾದ ಜೊತೆ ಬರುವ ಹೊಳೆಯುವ ಗೋಟಿ ಬೇರೆ ಜಾತಿಯದು. ಅದು ಕ್ರೋಮ್-ವೆನೇಡಿಯಮ್ ಉಕ್ಕು, ಗೋಡೆ ತೆಳುವು, ಗಡಸು ಹೆಚ್ಚು. ಗನ್ನಿಗೆ ಹಾಕಿದರೆ ಒಡೆದು ಚೂರು ಕಣ್ಣಿಗೋ ಕೈಗೋ ಹೊಡೆಯಬಹುದು. ಬೇಕಾದ ಅಳತೆ ಸಿಗಲಿಲ್ಲವೆಂದು ಇದನ್ನು ಹಾಕಿ ಆ ಹೊತ್ತಿನ ಕೆಲಸ ಮುಗಿಸುವುದು ಬಹಳ ಅಪಾಯದ ರೂಢಿ.

ಸೆಟ್ಟಿನಲ್ಲಿ ಹತ್ತಾರು ಗೋಟಿಗಳಿದ್ದರೂ ಸವೆಯುವುದು ಒಂದೋ ಎರಡೋ. ಕಾರಿನ ಕೆಲಸವಾದರೆ 17, 19, 21 ಎಂ.ಎಂ.; ಲಾರಿ, ಟಿಪ್ಪರಿನ ಚಕ್ರವಾದರೆ 30, 32, 33. ಉಳಿದವು ಪೆಟ್ಟಿಗೆಯಲ್ಲಿ ಹೊಸದರಂತೆಯೇ ಇರುತ್ತವೆ. ಸವೆದದ್ದನ್ನು ಬೆರಳೇ ಹೇಳುತ್ತದೆ. ಹೊಸ ಗೋಟಿಯ ಬಾಯೊಳಗೆ ಬೆರಳಾಡಿಸಿದರೆ ಆರೂ ಮೂಲೆ ಚೂಪಾಗಿ ಹತ್ತುತ್ತವೆ. ಹಳೆಯದರಲ್ಲಿ ಮೂಲೆಯ ಪಕ್ಕದ ಗೋಡೆ ನುಣುಪಾಗಿ, ಬೆಳ್ಳಗೆ ಹೊಳೆದು, ಬಾಯಂಚು ಹೊರಕ್ಕೆ ಬಾಗಿರುತ್ತದೆ. ಹಿಂದಿನ ಚೌಕ ತೂತೂ ದುಂಡಗಾಗಿ ಗನ್ನಿನ ಮೇಲೆ ಗೋಟಿ ಅಲ್ಲಾಡತೊಡಗಿದರೆ ಅದನ್ನು ಗುಜರಿಗೆ ಹಾಕುವುದೇ ಸರಿ. ಅದರಿಂದಲೇ ದುಡಿದರೆ ನಟ್ಟಿನ ಮೂಲೆ ತಿಂದುಹೋಗಿ, ಕೊನೆಗೆ ನಟ್ಟನ್ನು ಗ್ಯಾಸ್‌ನಿಂದ ಕತ್ತರಿಸಬೇಕಾಗುತ್ತದೆ.

ಸವೆದ ಒಂದನ್ನೇ ಬಿಡಿಯಾಗಿ ಕೊಳ್ಳಲು ಅಂಗಡಿಗೆ ಹೋಗುವಾಗ ನಾಲ್ಕು ಸಂಗತಿ ಗೊತ್ತಿರಬೇಕು. ಎಲ್ಲಕ್ಕೂ ಮೊದಲು ಗೋಟಿ ಕೂರುವ ಗನ್ನಿನ ಮೂತಿಯ ಚೌಕ: ಅರ್ಧ, ಮುಕ್ಕಾಲು ಅಥವಾ ಒಂದು ಇಂಚು. ಆಮೇಲೆ ನಟ್ಟಿನ ಅಳತೆ, ಗೋಟಿ ಗಿಡ್ಡವೋ ಉದ್ದವೋ, ಆರು ಮೂಲೆಯದೋ ಅಲ್ಲವೋ. ಹಳೆಯ ಯಂತ್ರಗಳಲ್ಲಿ ಇಂಚಿನ ನಟ್ಟು ಇರುವುದುಂಟು. ಒಂದೂಕಾಲು ಇಂಚೆಂದರೆ 31.75 ಎಂ.ಎಂ.; ಅದಕ್ಕೆ 32ರ ಗೋಟಿ ಕೂರುತ್ತದೆ, ಆದರೆ ಸಡಿಲ. ಗೋಟಿಯ ಮೇಲಿನ ಅಂಕಿ ಅಳಿಸಿಹೋಗಿದ್ದರೆ ಸವೆದ ಗೋಟಿಯನ್ನು ಅಳೆಯಬಾರದು, ನಟ್ಟಿನ ಎದುರುಬದುರಿನ ಚಪ್ಪಟೆ ಮೈಗಳ ನಡುವೆ ವರ್ನಿಯರ್ ಹಿಡಿಯಬೇಕು. ಹಳೆಯ ಗೋಟಿಯನ್ನೂ ಜೊತೆಗೆ ಒಯ್ದರೆ ಮಾತು ಬೇಗ ಮುಗಿಯುತ್ತದೆ.

ಊರಿನ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೈಪಾನಾದ ಹೊಳೆಯುವ ಗೋಟಿಯೇ ಮುಂದೆ ಬರುವುದು ಹೆಚ್ಚು; ‘ಗನ್ನಿನ ಗೋಟಿ’ ಎಂದು ಬಿಡಿಸಿ ಹೇಳಬೇಕು. ಚಕ್ರದ ಅಳತೆಗಳಿಗೆ ಮೊದಲು ನೋಡಬೇಕಾದದ್ದು ಲಾರಿಯ ಬಿಡಿಭಾಗ ಮಾರುವವರನ್ನು ಮತ್ತು ಟೈರ್ ಅಂಗಡಿಗೆ ಸಾಮಾನು ಪೂರೈಸುವವರನ್ನು. ಕ್ವಾರಿಯ ಯಂತ್ರಗಳಿಗೆ ಬೇಕಾದ ಒಂದು ಇಂಚಿನ ಚೌಕದ ದೊಡ್ಡ ಗೋಟಿಯನ್ನು ಕಂಪ್ರೆಸರ್, ಡ್ರಿಲ್ಲಿಂಗ್ ಸಾಮಾನಿನ ವ್ಯಾಪಾರಿಗಳಲ್ಲಿ ವಿಚಾರಿಸುವುದು ಮೇಲು. ಅಲ್ಲಿಯೂ ಇಲ್ಲದಿದ್ದರೆ ಹುಬ್ಬಳ್ಳಿ, ಇಲ್ಲವೇ ಸೊಲ್ಲಾಪುರ. ಬೆಂಗಳೂರಿನಲ್ಲಾದರೆ ಉಪಕರಣಗಳಿಗೆ ಎಸ್.ಜೆ.ಪಿ. ರಸ್ತೆ, ವಾಹನದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯ. ಒಂದು ಗೋಟಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ; ಅಳತೆ ಖಚಿತವಿದ್ದರೆ ಫೋನಿನಲ್ಲೇ ಮಾತಾಡಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು. ನಾಸಿಕ್‌ನ ತಪಾರಿಯಾದಂಥ ಕಂಪನಿಗಳ ಪಟ್ಟಿಯಲ್ಲಿ ಪ್ರತಿ ಅಳತೆಗೂ ಬೇರೆ ಸಂಖ್ಯೆ ಇರುವುದರಿಂದ ಆ ಸಂಖ್ಯೆ ಹೇಳಿದರೆ ಗೊಂದಲವಿಲ್ಲ. ದೇಶದ ಕೈ ಉಪಕರಣಗಳ ದೊಡ್ಡ ಪಾಲು ತಯಾರಾಗುವ ಜಲಂಧರ್, ಲುಧಿಯಾನಾಗಳ ಮಾಲೂ ಬಿಡಿಯಾಗಿ ಬರುತ್ತದೆ.

ಕಪ್ಪು ಬಣ್ಣವೊಂದನ್ನೇ ನಂಬಿ ಕೊಳ್ಳುವಂತಿಲ್ಲ. ಅಗ್ಗದ ಉಕ್ಕಿಗೂ ಕಪ್ಪು ಬಳಿಯುವುದುಂಟು. ತಯಾರಕರ ಹೆಸರು, ಅಳತೆ, ‘ಸಿ.ಆರ್.-ಎಂ.ಒ.’ ಎಂಬ ಗುರುತು ಮೈಮೇಲೆ ಒತ್ತಿರಬೇಕು. ಯಂತ್ರಕ್ಕೆ ಹಾಕುವ ಗೋಟಿಗಳ ಅಳತೆ, ಪರೀಕ್ಷೆಗೆ ಐ.ಎಸ್.ಒ. 2725ರ ಎರಡನೇ ಭಾಗ, ಡಿ.ಐ.ಎನ್. 3129 ಎಂಬ ಮಾನಕಗಳಿವೆ; ಒಳ್ಳೆಯ ತಯಾರಕರು ಇವನ್ನು ನಮೂದಿಸಿರುತ್ತಾರೆ. ಚೌಕ ಹೊಂದದ ಗೋಟಿ ತಂದು ನಡುವೆ ಅಡಾಪ್ಟರ್ ತೂರಿಸುವುದು ಒಳ್ಳೆಯದಲ್ಲ. ಒಂದು ಇಂಚಿನ ಗನ್ನಿನ ಪೆಟ್ಟನ್ನು ಮುಕ್ಕಾಲು ಇಂಚಿನ ಚೌಕ ಬಹಳ ದಿನ ತಾಳದು.

ಗೋಟಿಯ ಹಿಂಬದಿಯಲ್ಲಿ ಅಡ್ಡಲಾಗಿ ಒಂದು ತೂತು, ಅದರ ಮೇಲೆ ಹಾಯುವಂತೆ ಮೈಸುತ್ತ ಒಂದು ತೋಡು ಇರುತ್ತದೆ. ತೂತಿಗೆ ಪಿನ್ನು ಹಾಕಿ, ಅದು ಜಾರದಂತೆ ತೋಡಿನಲ್ಲಿ ರಬ್ಬರ್ ರಿಂಗು ಕೂರಿಸುತ್ತಾರೆ. ಬಿಡಿ ಗೋಟಿಯ ಜೊತೆಗೆ ಇವೆರಡೂ ಬರುತ್ತವೆಂಬ ಖಾತ್ರಿಯಿಲ್ಲ. ಕೇಳಿ ಪಡೆಯಬೇಕು, ಸಾಧ್ಯವಾದರೆ ರಿಂಗುಗಳನ್ನು ಎರಡು-ಮೂರು ಹೆಚ್ಚಿಗೆ ಕೊಳ್ಳಬೇಕು. ಪಿನ್ನಿನ ಬದಲು ಮೊಳೆ ತುರುಕಿ ತಂತಿ ಸುತ್ತಿದರೆ, ಗನ್ನು ತಿರುಗುವಾಗ ಮೊದಲು ಹಾರುವುದು ಆ ಮೊಳೆ, ಅದರ ಹಿಂದೆಯೇ ಗೋಟಿ.